ನಿಂತದ್ದು, ನಡೆದದ್ದು

ಹಲ್ಲುಜ್ಜುವ ಮೊದಲೇ ಶ್ರೀಶ ಹೆಂಡತಿಯ ನಿನ್ನೆಯನ್ನು ಇನ್ನೊಮ್ಮೆ ನೋಡಿದ. ಮಲಗುವ ಮುಂಚೆ ನೋಡಿದ್ದೇ ಆಗಿತ್ತು; ಆದರೂ ಬೆಳಗಿನ ಕಣ್ಣಿಗೆ ಬೇರೇನಾದರೂ ಕಂಡೀತು ಎಂಬ ಆಸೆ, ಹುಳುಕು ಹಲ್ಲನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟುವ ಹಾಗೆ. ಮೊಬೈಲಿನ ಮೇಲೆ ಅಡ್ಡಕ್ಕೆ ಚಾಚಿದ ಬಣ್ಣದ ಪಟ್ಟಿ. ನಡೆದರೆ ಹಸಿರು, ನಿಂತರೆ ಹಳದಿ, ವಾಹನ ಹತ್ತಿದರೆ ನೀಲಿ, ಸುಮ್ಮನಿದ್ದರೆ ಬೂದು. ಬೆಳಿಗ್ಗೆಯೆಲ್ಲ ಬೂದು, ನಡುನಡುವೆ ಚೂರುಪಾರು ಹಸಿರು. ಮಧ್ಯಾಹ್ನವಾಗುತ್ತಲೇ ಹಸಿರು ಉದ್ದವಾಗಿ, ನೀಲಿಯಾಗಿ, ಆಮೇಲೆ ಕೋಯಂಬೇಡಿನ ಮಾರುಕಟ್ಟೆಯಲ್ಲಿ ಹಳದಿ. ದಪ್ಪನೆಯ, ನಾಚಿಕೆಯಿಲ್ಲದ ಹಳದಿ. ಯಾರಿಗೋ ಕಾಯುತ್ತ ನಿಂತವಳ ಹಳದಿ. ಅವನು ಬೆರಳಿನಿಂದ ಅದನ್ನು ಹಿಗ್ಗಿಸಿದ. ಹಿಗ್ಗಿಸಿದಷ್ಟೂ ಹಳದಿಯೇ ಆಯಿತು, ಯಾರ ಮುಖವೂ ಕಾಣಲಿಲ್ಲ.

ಮದ್ರಾಸಿನ ಗಿಂಡಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನು ಕೆಲಸ ಮಾಡುವ ಕಂಪನಿ ಮಾರುತ್ತಿದ್ದುದು ಇದನ್ನೇ. ಔಷಧಿ ಕಂಪನಿಯ ಪ್ರತಿನಿಧಿಗಳು, ಪಾರ್ಸೆಲ್ ಹಂಚುವವರು, ಕಾವಲುಗಾರರು ದಿನವಿಡೀ ನಡೆದರೋ ಕೂತರೋ, ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನು ಅವರವರ ಜೇಬಿನ ಫೋನೇ ಅಲುಗಾಟದ ಮೇಲಿಂದ ತಿಳಿದು ಯಜಮಾನರಿಗೆ ಹೇಳುತ್ತಿತ್ತು. ಹರ್ಷಿಣಿಗೆ ಹೊಸ ಫೋನು ಕೊಡಿಸಿದ ದಿನವೇ ಶ್ರೀಶ ಅದರೊಳಗೆ ಇದನ್ನೂ ಹಾಕಿಕೊಟ್ಟಿದ್ದ. ಕದ್ದು ಹಾಕಿರಲಿಲ್ಲ, ಕದ್ದು ನೋಡುವ ಗಂಡಸು ತಾನಲ್ಲ ಎಂಬುದು ಅವನಿಗೆ ಮುಖ್ಯವಾಗಿತ್ತು. "ಸೇಫ್ಟಿಗೆ ಮಾರಾಯ್ತಿ. ಮದ್ರಾಸು ಅಂದ್ರೆ ನಿಮ್ಮ ಉಡುಪಿಯ ಹಾಗೆ ಅಲ್ಲ," ಎಂದಿದ್ದ. ಅವಳು ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಉಗುರಿನಿಂದ ಬಿಡಿಸುತ್ತ "ಹೌದಾ" ಎಂದಿದ್ದಳು. ಅಷ್ಟೆ. ಅದಾದ ಮೇಲೆ ಪ್ರತಿ ಸಂಜೆ ಊಟಕ್ಕೆ ಮುಂಚೆ ಅವನು ಪಟ್ಟಿಯನ್ನು ಓದುವುದು, ಅವಳು ಒಂದೊಂದು ಬಣ್ಣಕ್ಕೂ ಕಾರಣ ಹೇಳುವುದು ರೂಢಿಯಾಯಿತು. ಕಾರಣ ಸಾಲದಿದ್ದರೆ ಕೈ ಏಳುತ್ತಿತ್ತು. ಒಮ್ಮೆ ಅವಳ ಎಡಗಿವಿಯ ಮೇಲೆ ಬಾರಿಸಿದ ಸಂಜೆಯ ಪಟ್ಟಿಯನ್ನು ಅವನು ಮರುದಿನ ಆಫೀಸಿನಲ್ಲಿ ತೆರೆದು ನೋಡಿದ್ದ. ಆ ಹೊತ್ತಿನಲ್ಲಿ ಫೋನು ಸೋಫಾದ ಮೇಲಿತ್ತು. ಪಟ್ಟಿ ಬೂದಾಗಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 'ವಿಶ್ರಾಂತಿ' ಎಂದಿತ್ತು. ಓದಿ ಅವನಿಗೆ ಎಂಥದೋ ಸಮಾಧಾನವಾಗಿತ್ತು. ಅಂಥದ್ದೇನೂ ನಡೆದಿರಲಿಲ್ಲ ಎಂದು ಮೂರನೆಯವರೊಬ್ಬರು ಬಂದು ಸಾಕ್ಷಿ ನುಡಿದ ಹಾಗೆ.

ಅಡುಗೆಮನೆಯಲ್ಲಿ ಹರ್ಷಿಣಿ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು "ಹೇಯ್" ಎಂದ. ಅವಳು ಹಕ್ಕಿಯ ಹಾಗೆ ಇಡೀ ತಲೆಯನ್ನು ತಿರುಗಿಸಿ ಬಲಗಿವಿಯನ್ನು ಅವನತ್ತ ಮಾಡಿದಳು. ಹೀಗೆ ತಿರುಗುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎಡಗಡೆಯಿಂದ ಕೇಳಿಸುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳದೆ, ದಿನಕ್ಕೆ ಎಷ್ಟೋ ಸಲ, ಹೀಗೆ ತಿರುಗಿ ತಿರುಗಿ ತೋರಿಸುತ್ತಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು.

"ನಿನ್ನೆ ಮತ್ತೆ ಕೋಯಂಬೇಡು."

"ಹೂಂ. ಸೊಪ್ಪಿಗೆ."

"ಅಷ್ಟು ಹೊತ್ತು ಒಂದೇ ಕಡೆ ನಿಂತು ಎಂಥ ಸೊಪ್ಪು ತೆಗೊಳ್ಳುದು ನೀನು?"

"ಅಲ್ಲಿ ಜನ ಜಾಸ್ತಿ. ನಿಲ್ಲಬೇಕಾಗ್ತದೆ."

"ತಂದ ಸೊಪ್ಪು ಎಲ್ಲಿ?"

ಅವಳು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. ಕೊತ್ತಂಬರಿ, ಕರಿಬೇವು, ಬಾಳೆಲೆಯಲ್ಲಿ ಸುತ್ತಿದ ಹರಿವೆ. ಸೊಪ್ಪು ನಿಜವಾಗಿಯೂ ಇತ್ತು. ಅದು ಇದ್ದದ್ದೇ ಅವನನ್ನು ಕೆಣಕಿತು. ಸುಳ್ಳಿಗೆ ಸೊಪ್ಪಿನ ಕಟ್ಟನ್ನು ಸಾಕ್ಷಿಗಿಡುವಷ್ಟು ಇವಳು ಪಳಗಿದ್ದಾಳೆ ಎನ್ನಿಸಿ ಕೈಗೆ ಸಿಕ್ಕಿದ ಕಾಫಿಯ ಲೋಟವನ್ನು ಬೀಸಿದ. ಅದು ಅವಳ ಭುಜಕ್ಕೆ ತಾಗಿ ಗೋಡೆಯ ಟೈಲ್ಸಿಗೆ ಬಡಿದು ಕೆಳಗೆ ಬಿದ್ದು ಗಿರಗಿರ ಸುತ್ತಿತು. ಬಿಸಿ ಕಾಫಿ ಅವಳ ಕತ್ತಿನಿಂದ ಇಳಿಯಿತು. ಅವಳು ಲೋಟ ಸುತ್ತುವುದು ನಿಲ್ಲುವವರೆಗೆ ಕಾದು, ಬಗ್ಗಿ, ಎತ್ತಿ, ತೊಳೆಯುವ ಪಾತ್ರೆಗಳ ಜೊತೆ ಇಟ್ಟಳು. ಆಗ ಹೊರಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಕೆಲಸದ ಬೇಬಿ ಅಲ್ಲೇ ತಡೆದು ನಿಂತದ್ದನ್ನು ಅವನು ಕಣ್ಣಂಚಿನಲ್ಲಿ ಕಂಡ. ಮದುವೆಯಾಗಿ ಈ ವಡಪಳನಿಯ ಮನೆಗೆ ಬಂದಾಗಿನಿಂದ ಬೆಳಿಗ್ಗೆ ಸಂಜೆ ಬಂದು ಪಾತ್ರೆ ತೊಳೆದು ನೆಲ ಒರೆಸಿ ಹೋಗುವವಳು. ಆದರೂ ಅವಳ ಮುಖ ಹೇಗಿದೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವಳೆಂದರೆ ಸಿಂಕಿನ ಮುಂದೆ ಬಗ್ಗಿದ ಒಂದು ಬೆನ್ನು. ಆ ಬೆನ್ನು ಈಗ ಅವನನ್ನು ಬಳಸಿಕೊಂಡು ಒಳಗೆ ಹೋಯಿತು. ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದು, ಆಮೇಲೆ ಇಬ್ಬರು ಹೆಂಗಸರ ಪಿಸುಮಾತು. ಅವನು ಸ್ನಾನಕ್ಕೆ ಹೋದ.

ಬಕೆಟ್ಟಿನ ನೀರು ಬೆನ್ನಿಗೆ ಬಿದ್ದಾಗ ಅವನಿಗೆ ಅಪ್ಪನ ವಾಚು ನೆನಪಾಯಿತು. ಟಿ. ನಗರದಲ್ಲಿ ಊರಿನವರೊಬ್ಬರ ಹೋಟೆಲಿನಲ್ಲಿ ಅಪ್ಪ ಸೂಪರ್‌ವೈಸರ್. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಒಗ್ಗರಣೆಯ ವಾಸನೆ ಹೊತ್ತು ಮನೆಗೆ ಬಂದವನು ಕೈಗಡಿಯಾರ ಬಿಚ್ಚಿ ರೇಡಿಯೋದ ಮೇಲಿಟ್ಟನೆಂದರೆ ಅಮ್ಮನಿಗೆ ಅಂದು ಪೆಟ್ಟು ಉಂಟು ಎಂದೇ ಅರ್ಥ. ಬಿಚ್ಚದಿದ್ದರೆ ಇಲ್ಲ. ಶ್ರೀಶ ಪುಸ್ತಕ ಹಿಡಿದು ಕೂತು ಅಕ್ಷರ ಬಿಟ್ಟು ಆ ಮಣಿಕಟ್ಟನ್ನೇ ನೋಡುತ್ತಿದ್ದ. ವಾಚು ಮುರಿಯಬಾರದೆಂಬ ಎಚ್ಚರ ಅಪ್ಪನಿಗೆ. ತಾನು ಹಾಗಲ್ಲ. ತನ್ನದು ತಯಾರಿ ಇಲ್ಲದ್ದು, ಸಿಟ್ಟಿನ ಭರದಲ್ಲಿ ಆಗಿಹೋಗುವಂಥದ್ದು. ಲೆಕ್ಕ ಹಾಕಿ ಹೊಡೆಯುವವನು ಕ್ರೂರಿ, ತಾನು ಮುಂಗೋಪಿ. ಈ ವ್ಯತ್ಯಾಸವನ್ನು ಅವನು ಎಷ್ಟೋ ವರ್ಷಗಳಿಂದ ಜತನದಿಂದ ಕಾಪಾಡಿಕೊಂಡು ಬಂದಿದ್ದ. ಮೈ ಒರೆಸಿಕೊಳ್ಳುವಾಗ, ಇವತ್ತು ಲೋಟದಲ್ಲಿದ್ದ ಕಾಫಿ ಕುದಿಯುತ್ತಿರಲಿಲ್ಲ, ಬರೀ ಬಿಸಿಯಿತ್ತು ಎಂದು ತನಗೆ ತಾನೇ ಹೇಳಿಕೊಂಡ.

ಆಫೀಸಿನಲ್ಲಿ ಅಂದು ಹೊರಗಿನವರು ಬಂದಿದ್ದರು. ಒಂದು ದೊಡ್ಡ ಸೆಕ್ಯೂರಿಟಿ ಏಜೆನ್ಸಿಯವರು. ತಮ್ಮ ಕಾವಲುಗಾರರು ಡ್ಯೂಟಿಯಲ್ಲಿ ನಿದ್ದೆ ಮಾಡುತ್ತಾರೋ ಹೇಗೆ ಎಂದು ತಿಳಿಯುವ ಆಸೆ ಅವರಿಗೆ. ತೋರಿಸುವ ಕೆಲಸ ವರುಣ್‌ನದು. ಶ್ರೀಶನಿಗಿಂತ ತುಂಬ ಚಿಕ್ಕವನು, ಮೇಲಿನ ಹುದ್ದೆಯವನು. ಮನೆಮಾತು ಕನ್ನಡವೇ ಆದರೂ ಇಲ್ಲೇ ಹುಟ್ಟಿ ಓದಿದವನಾಗಿ, ಶ್ರೀಶ ಕನ್ನಡದಲ್ಲಿ ಏನಾದರೂ ಕೇಳಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವನು. ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಯಾರದೋ ಒಂದು ದಿನ ಬಂತು. ಹೆಸರು ಮುಚ್ಚಿತ್ತು. "ಇವರು ನಮ್ಮಲ್ಲೇ ಒಬ್ಬರು, ಸುಮ್ಮನೆ ಸ್ಯಾಂಪಲ್‌ಗೆ," ಎಂದ ವರುಣ್ ತಮಿಳಿನಲ್ಲಿ. "ಬೆಳಿಗ್ಗೆ ಬೈಕು. ಲಿಫ್ಟ್. ಸೀಟು. ಇಲ್ಲಿ ನೋಡಿ, ಟೀ ಆದ ತಕ್ಷಣ ನಡೆದು ಒಂದು ಮೂಲೆಗೆ ಹೋಗ್ತಾರೆ. ಅಲ್ಲಿ ಬೂದು. ಊಟ ಆದ ಮೇಲೆ ಮತ್ತೆ ಅದೇ ಮೂಲೆ, ಮತ್ತೆ ಬೂದು. ದಿನಾ ಹೀಗೇ." ಏಜೆನ್ಸಿಯ ದಪ್ಪ ಮನುಷ್ಯ ಆ ಮೂಲೆಯಲ್ಲಿ ಏನಿದೆ ಎಂದು ಕೇಳಿದ. ವರುಣ್ ತುಟಿ ಬಿಗಿಹಿಡಿದು ನಗು ತಡೆಯುತ್ತ ಹೇಳಿದ: "ಬಾತ್‌ರೂಮ್, ಸಾರ್."

ಎಲ್ಲರೂ ನಕ್ಕರು. ಪಾಪ, ಮೂಲವ್ಯಾಧಿ ಇರಬೇಕು ಎಂದು ದಪ್ಪ ಮನುಷ್ಯ ತಮಿಳಿನಲ್ಲಿ ಅಂದಾಗ ಇನ್ನಷ್ಟು ನಕ್ಕರು. ಶ್ರೀಶನೂ ನಕ್ಕ. ನಗದಿದ್ದರೆ ಅದು ತಾನೇ ಎಂದು ಗೊತ್ತಾಗುತ್ತಿತ್ತು. ಆದರೆ ಪಕ್ಕದಲ್ಲಿದ್ದ ಹುಡುಗಿ ಪ್ರಣಮ್ಯಾ ನಗುವುದನ್ನು ನಿಲ್ಲಿಸಿ ತನ್ನ ಉಗುರು ನೋಡಿಕೊಳ್ಳತೊಡಗಿದ್ದರಿಂದ ಅವಳಿಗೆ ಗೊತ್ತಿದೆ, ಎಲ್ಲರಿಗೂ ಗೊತ್ತಿದೆ ಎಂದು ತಿಳಿಯಿತು. ಕಿವಿಯ ಹಿಂದೆ ಬೆವರು ಒಡೆಯಿತು. ಎದ್ದು ನಿಂತು, ನಾನಲ್ಲಿ ಕೂತು ನೋಡುತ್ತಿದ್ದುದು ನನ್ನ ಹೆಂಡತಿಯ ಪಟ್ಟಿಯನ್ನು, ನನಗೆ ಯಾವ ರೋಗವೂ ಇಲ್ಲ ಎಂದು ಕೂಗಬೇಕೆನಿಸಿತು. ಹಾಗೆ ಕೂಗಿದರೆ ಇದಕ್ಕಿಂತ ಮರ್ಯಾದೆಯಾಗುತ್ತದೋ ಇಲ್ಲವೋ ತಿಳಿಯಲಿಲ್ಲ. ಸಭೆ ಮುಗಿದ ಮೇಲೆ ವರುಣ್ ಹತ್ತಿರ ಬಂದು ಭುಜ ತಟ್ಟಿ, "ಸಾರಿ ಸಾರ್, ಜಸ್ಟ್ ಫಾರ್ ಫನ್, ತಪ್ಪಾ ಎಡುತ್ಕಾದೀಂಗ," ಎಂದ. ತಪ್ಪು ತಿಳಿಯಬೇಡಿ ಎಂದು ಅದರ ಅರ್ಥ. ಶ್ರೀಶ ಪರವಾಗಿಲ್ಲ ಎಂದ. ಹೋಗಿ ಅದೇ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಫೋನು ತೆರೆದ. ಹರ್ಷಿಣಿಯ ಇವತ್ತು ಆಗಲೇ ಹಸಿರಾಗಿ, ನೀಲಿಯಾಗಿ, ಕೋಯಂಬೇಡಿನಲ್ಲಿ ಹಳದಿಯಾಗತೊಡಗಿತ್ತು. ಬೆಳಿಗ್ಗೆ ಕತ್ತಿನ ಮೇಲೆ ಕಾಫಿ ಇಳಿಸಿಕೊಂಡವಳು, ಆ ಕತ್ತನ್ನು ಇನ್ನೊಬ್ಬನಿಗೆ ತೋರಿಸಿ ಅಳಲು ಹೋಗಿದ್ದಾಳೆ. ಅವನು ಅದರ ಮೇಲೆ ಊದುತ್ತಾನೆ. ಇಬ್ಬರೂ ನಗುತ್ತಾರೆ. ವರುಣ್ ನಕ್ಕ ಹಾಗೆ, ತುಟಿ ಬಿಗಿಹಿಡಿದು.

ತಲೆನೋವು ಎಂದು ಹೇಳಿ ಅವನು ಬೈಕು ತೆಗೆದ. ಕತ್ತಿಪಾರದ ಸೇತುವೆ ದಾಟಿ ನೂರಡಿ ರಸ್ತೆಯಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮೇಲೆ ಮೆಟ್ರೋ ರೈಲು ಹೋದಾಗ ಕಂಬಗಳ ನೆರಳು ನಡುಗಿದ ಹಾಗಾಯಿತು. ಹೆಲ್ಮೆಟ್ಟಿನೊಳಗೆ ತನ್ನ ಉಸಿರು ತನಗೇ ಜೋರಾಗಿ ಕೇಳುತ್ತಿತ್ತು, ಇನ್ನೊಬ್ಬ ಗಂಡಸು ಒಳಗೆ ಕೂತು ಉಸಿರಾಡುತ್ತಿದ್ದಾನೆ ಎನ್ನುವಂತೆ. ಅವಳು ಮದುವೆಯಾದ ಹೊಸದರಲ್ಲಿ ಮರೀನಾದಲ್ಲಿ ಅಲೆಗೆ ಹೆದರಿ ಅವನ ತೋಳು ಹಿಡಿದದ್ದು ನೆನಪಾಯಿತು. ಕಡಲ ಬದಿಯಲ್ಲೇ ಹುಟ್ಟಿದವಳು, ನಿನಗೆಂಥ ಹೆದರಿಕೆ ಎಂದು ಕೇಳಿದರೆ, ನಮ್ಮ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆ, ಇಲ್ಲಿ ಬೆನ್ನ ಹಿಂದೆ ಹೋಗ್ತಾನೆ, ನನಗೆ ದಿಕ್ಕೇ ತಪ್ಪಿದ ಹಾಗಾಗ್ತದೆ ಎಂದಿದ್ದಳು. ಆಗ ಅದು ಅವನಿಗೆ ಎಷ್ಟು ಮುದ್ದಾಗಿ ಕೇಳಿತ್ತು. ದಿಕ್ಕು ತಪ್ಪುವವಳು ದಿನಾ ಕೋಯಂಬೇಡಿನಲ್ಲಿ ತಪ್ಪದೆ ಅದೇ ಜಾಗ ಹುಡುಕಿಕೊಳ್ಳುತ್ತಾಳೆ. ಯಾವುದೋ ಬಸ್ಸು ಅಡ್ಡ ಬಂದು, ಅವನು ಬ್ರೇಕು ಒತ್ತಿ, ಡ್ರೈವರ್ ತಾಯಿಯ ಹೆಸರೆತ್ತಿ ಬೈದದ್ದು ಕೇಳಿಯೂ ಮುಂದೆ ಹೋದ.

ಹೂವಿನ ಮಾರುಕಟ್ಟೆಯ ಹೊರಗೆ ಬೈಕು ನಿಲ್ಲಿಸಿ ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಒಳಗೆ ಹೊಕ್ಕ. ಕಾಲಡಿಗೆ ಕೊಳೆತ ಕೋಸಿನೆಲೆ, ತುಳಿದ ಸೇವಂತಿಗೆ, ಕಪ್ಪು ನೀರು. ಮೂಟೆ ಹೊತ್ತವರು "ವಳಿ, ವಳಿ" ಎಂದು ದಾರಿ ಕೇಳುತ್ತ ಅವನನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಫೋನಿನ ಮೇಲೆ ಅವಳ ಚುಕ್ಕೆ, ಅವನ ಚುಕ್ಕೆ, ಎರಡೂ ಹತ್ತಿರವಾದವು. ತೆರೆಯಲ್ಲಿ ಇಷ್ಟು ದಿನ ಸದ್ದಿಲ್ಲದೆ ಇದ್ದ ಹಳದಿಯೊಳಗೆ ಇಷ್ಟು ಗದ್ದಲ, ಇಷ್ಟು ವಾಸನೆ ಇದ್ದದ್ದು ಅವನಿಗೆ ಹೊಳೆದೇ ಇರಲಿಲ್ಲ. ಮಲ್ಲಿಗೆಯ ರಾಶಿಗಳ ಆಚೆ, ಕಂಬದ ಪಕ್ಕ, ಬೆನ್ನು ಮಾಡಿ ಅವಳು ನಿಂತಿದ್ದಳು. ನೇರಳೆ ಬಣ್ಣದ, ಸಾಸಿವೆ ಅಂಚಿನ ಸೀರೆ. ದೀಪಾವಳಿಗೆ ಅವನೇ ಆರಿಸಿ ತಂದದ್ದು. ಹೂಕಟ್ಟುವ ಹೆಂಗಸೊಬ್ಬಳ ಜೊತೆ, ಗೋಣಿಯ ಮೇಲೆ ಕೂತ ಗಂಡಸೊಬ್ಬನ ಜೊತೆ, ಎಡಗೈಯನ್ನು ಸೊಂಟಕ್ಕೆ ಕೊಟ್ಟು ನಗುತ್ತ ಮಾತಾಡುತ್ತಿದ್ದಳು. ಸೊಂಟಕ್ಕೆ ಕೈಕೊಟ್ಟು! ಮನೆಯಲ್ಲಿ ಯಾವತ್ತಾದರೂ ಅವಳು ಹೀಗೆ ನಿಂತದ್ದುಂಟೆ? ಅವನ ಎದೆಯಲ್ಲಿ ಸಿಟ್ಟಿಗಿಂತ ಮೊದಲು ಒಂದು ಅಳು ಎದ್ದಿತು. ಅದನ್ನು ನುಂಗಿ ಅವನು ಅವಳ ನಂಬರಿಗೆ ಕರೆ ಮಾಡಿದ.

ಕಂಬದ ಪಕ್ಕ ನಿಂತವಳು ಸೊಂಟದಿಂದ ಫೋನು ತೆಗೆದಳು. ತೆರೆಯ ಮೇಲೆ ಅವನ ಹೆಸರು, ಅವನ ಫೋಟೋ ಬಂದಿರಬೇಕು. ನೋಡಿದಳು. ನೋಡಿ, ಏನೂ ಆಗದವಳಂತೆ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತು ಮುಂದುವರಿಸಿದಳು.

ಅಲ್ಲಿಂದ ಅವಳಿದ್ದಲ್ಲಿಗೆ ತಾನು ಹೇಗೆ ಹೋದೆ ಎಂಬುದು ಅವನಿಗೆ ಆಮೇಲೆ ನೆನಪಾಗಲಿಲ್ಲ. ಹೆಲ್ಮೆಟ್ಟು ಮೇಲೆದ್ದು ಇಳಿದದ್ದು ಗೊತ್ತು. ಮೊದಲ ಪೆಟ್ಟು ತಲೆಯ ಹಿಂಭಾಗಕ್ಕೆ, ತೆಂಗಿನಕಾಯಿ ಒಡೆದ ಸದ್ದು. ಅವಳು ಮುಂದಕ್ಕೆ ಮುಗ್ಗರಿಸಿ ಮಲ್ಲಿಗೆಯ ರಾಶಿಗೆ ಕೈಯೂರಿದಳು. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಅವಳು ಮಗುಚಿ ಬಿದ್ದು ಅವನ ಕಡೆ ಮುಖ ಮಾಡಿದಳು. ಕಪ್ಪು ಮುಖ, ಅಗಲ ಮೂಗಿನ ಎರಡೂ ಕಡೆ ಮೂಗುಬೊಟ್ಟು, ಹಣೆಯ ಮೇಲಿಂದ ಕಣ್ಣಿಗೆ ಇಳಿಯುತ್ತಿದ್ದ ರಕ್ತ. ಯಾರು ಇವಳು? ಯಾರದೋ ಮುಖ ತನ್ನ ಹೆಂಡತಿಯ ಸೀರೆಯೊಳಗೆ ಹೇಗೆ ಬಂತು? "ಸಾರ್," ಎಂದಳು ಅವಳು. "ಸಾರ್, ನಾನ್ ಬೇಬಿ ಸಾರ್."

ಹೆಲ್ಮೆಟ್ಟು ಇನ್ನೂ ಮೇಲೆಯೇ ಇತ್ತು. ಅದನ್ನು ಇಳಿಸಬೇಕೋ ಬೇಡವೋ ತಿಳಿಯದೆ ಅವನು ನಿಂತ ಆ ಗಳಿಗೆಯಲ್ಲಿ, ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಕಳಚುತ್ತ ನಿಂತಿದ್ದವಳು ಕೂಡ ಇದೇ ಸೀರೆ ಉಟ್ಟಿದ್ದಳೇನೋ ಎಂದು ಅನ್ನಿಸಿತು. ನೋಡಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಕಾಲರು ಹಿಡಿದು ಎಳೆದರು. ಗೋಣಿಯ ಮೇಲೆ ಕೂತಿದ್ದವನು ಮೊಣಕೈಯಿಂದ ಅವನ ದವಡೆಗೆ ಗುದ್ದಿದ. ಬಾಯೊಳಗೆ ಹಲ್ಲು ಸಡಿಲಾಗಿ ಉಪ್ಪು ತುಂಬಿತು. ಮೂಟೆ ಹೊರುವವರು ಮೂಟೆ ಇಳಿಸಿ ಬಂದರು. ಅವರ ಕೈಗಳು ಗಟ್ಟಿ, ಅವಸರವಿಲ್ಲದ ಕೈಗಳು. ಭಾರ ಎತ್ತಿ ಎತ್ತಿ ಎಲ್ಲಿ ಹಿಡಿದರೆ ಏನು ಜಗ್ಗುತ್ತದೆಂದು ತಿಳಿದವು. ಹೊಟ್ಟೆಗೆ, ಪಕ್ಕೆಗೆ, ಬಿದ್ದ ಮೇಲೆ ಬೆನ್ನಿಗೆ. ಯಾರೋ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯ ಹಿಡಿಯಿಂದ ಕೊರಳೆಲುಬಿಗೆ ಹೊಡೆದಾಗ ಒಳಗೆ ಒಣಕಡ್ಡಿ ಮುರಿದ ಹಾಗೆ ಕೇಳಿಸಿತು. ಕಪ್ಪು ನೀರಿನಲ್ಲಿ ಕೆನ್ನೆಯೂರಿ ಮಲಗಿ ಅವನು ಬಲಗೈ ಎತ್ತಲು ನೋಡಿದ, ಆಗಲಿಲ್ಲ. ಆಗ ಅವನ ಬಾಯಿಂದ ತಮಿಳಿನಲ್ಲಿ ಮಾತು ಬಂತು: "ಎನ್ ಪೊಂಡಾಟ್ಟಿ... ಎನ್ ಪೊಂಡಾಟ್ಟಿನ್ನು ನೆನಚ್ಚೇನ್ಯಾ!" ನನ್ನ ಹೆಂಡತಿ ಅಂದುಕೊಂಡೆ ಮಾರಾಯರೇ, ನನ್ನ ಹೆಂಡತಿ ಅಂದುಕೊಂಡೆ.

ಕೈಗಳು ಒಂದು ಕ್ಷಣ ಸಡಿಲಾದವು. ಅದನ್ನು ಅವನು ಚೆನ್ನಾಗಿ ಗಮನಿಸಿದ. ಹೆಂಡತಿ ಎಂಬ ಮಾತಿಗೆ ಆ ಗಂಡಸರಲ್ಲಿ ಒಬ್ಬಿಬ್ಬರು ಮುಖಮುಖ ನೋಡಿಕೊಂಡರು. ಮನೆ ವಿಷಯವಾ, ಎಂದು ಒಬ್ಬ ಗೊಣಗಿದ. ಇನ್ನೊಬ್ಬ ಎತ್ತಿದ ಕಾಲನ್ನು ಕೆಳಗಿಟ್ಟ. ಶ್ರೀಶನಿಗೆ ಅವರ ಮೇಲೆ ಕೃತಜ್ಞತೆ ಉಕ್ಕಿತು, ಇವರು ತನ್ನವರು, ಇವರಿಗೆ ಅರ್ಥವಾಗುತ್ತದೆ ಎನ್ನಿಸಿತು. ಆಗಲೇ ಹೂಕಟ್ಟುತ್ತಿದ್ದ ಹೆಂಗಸು, ಬೇಬಿಯ ಅಕ್ಕ ನಾಗಮಣಿ, ಅವರನ್ನೆಲ್ಲ ಸರಿಸಿಕೊಂಡು ಬಂದು ಕಾಲಿನ ಚಪ್ಪಲಿ ತೆಗೆದು ಅವನ ಬಾಯಿಗೆ ಹೊಡೆದಳು. ಮತ್ತೆ ಹೊಡೆದಳು. "ಹೆಂಡತಿಯಾಗಿದ್ರೆ?" ಎಂದು ಒಂದೊಂದು ಹೊಡೆತಕ್ಕೂ ತಮಿಳಿನಲ್ಲಿ ಕೇಳಿದಳು. "ಹೆಂಡತಿಯಾಗಿದ್ರೆ? ಹೆಂಡತಿಯಾಗಿದ್ರೆ?" ಚಪ್ಪಲಿಗೆ ಅಂಟಿದ್ದ ಮಲ್ಲಿಗೆಯ ಎಸಳು ಅವನ ತುಟಿಗೆ ಮೆತ್ತಿಕೊಂಡಿತು.

ಪೊಲೀಸರು ಬಂದು ಇಬ್ಬರನ್ನೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಬೇಬಿಯನ್ನು ಒಳಗೆ ತೆಗೆದುಕೊಂಡು ಹೋದರು. ಶ್ರೀಶನನ್ನು ಓಣಿಯ ಬೆಂಚಿನ ಮೇಲೆ ಕೂರಿಸಿ, ತೋಳನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿ, ಎಕ್ಸ್‌ರೇಗೆ ಕರೆಯುತ್ತೇವೆ ಎಂದರು. ಮಹಿಳಾ ಸಬ್‌ಇನ್ಸ್‌ಪೆಕ್ಟರ್ ಒಬ್ಬಳು ಎದುರು ನಿಂತು ಕೇಳಿದಳು. ಅವನು ಊದಿದ ಬಾಯಿಂದ ಹೇಳಿದ. ಕಂಪನಿಯ ಹೆಸರು ಹೇಳಿದ, ಓದಿದ್ದು ಹೇಳಿದ. ಸೀರೆ ಒಂದೇ ಥರ ಇತ್ತು, ಫೋನೂ ನನ್ನ ಹೆಂಡತಿಯದ್ದೇ, ತಪ್ಪು ತಿಳುವಳಿಕೆ ಮೇಡಂ, ನನ್ನನ್ನು ಹೊಡೆದವರ ಮೇಲೆ ನಾನೂ ದೂರು ಕೊಡಬಹುದಿತ್ತು, ಕೊಡುವುದಿಲ್ಲ ಎಂದ. ಅವಳು ತಲೆಯಾಡಿಸಿದಳು. ಬಿಸಿಲಿಗೆ ಬಸವಳಿದ ಮುಖ. ಇದು ಇಬ್ಬರೂ ರಾಜಿಯಾಗಿ ಮುಗಿಯುವ ಕೇಸು ಎಂದು ಅವಳೂ ಬಗೆದ ಹಾಗಿತ್ತು. ಕೆಲಸದವಳಿಗೆ ಚಿಕಿತ್ಸೆಯ ಖರ್ಚು ಕೊಟ್ಟುಬಿಡಿ ಸಾರ್ ಎಂದಳು. ಸಾರ್ ಎಂದದ್ದು ಅವನಿಗೆ ಹಿತವಾಯಿತು.

ಹರ್ಷಿಣಿ ಓಣಿಯ ಆ ಕಡೆಯಿಂದ ಬಂದಳು. ನಾಗಮಣಿ ಕಳಿಸಿದ ಆಟೋ ಅವಳನ್ನು ಕರೆತಂದಿತ್ತು. ಮನೆಯಲ್ಲಿ ಉಡುವ ಹತ್ತಿ ಸೀರೆ, ಹಿಂದೆ ಗಂಟು ಹಾಕಿದ ಕೂದಲು, ಕತ್ತಿನ ಮೇಲೆ ಕೆಂಪಗೆ ಗುಳ್ಳೆ ಎದ್ದ ಜಾಗ. ಅವನು ಬೆಂಚಿನಿಂದ ಅರ್ಧ ಎದ್ದ. ಅವಳು ಅವನನ್ನು ನೋಡಿದಳು, ನೋಡಿಯೂ ನಿಲ್ಲದೆ ಬೇಬಿ ಇದ್ದ ಕೋಣೆಗೆ ಹೋದಳು. ತೆರೆದ ಬಾಗಿಲಿನೊಳಗೆ ಅವಳು ಮಂಚದ ಅಂಚಿಗೆ ಕೂತು ಬೇಬಿಯ ಹೊಲಿಗೆ ಹಾಕಿದ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡದ್ದು, ಬಗ್ಗಿ ಏನೋ ಹೇಳಿದ್ದು ಕಂಡಿತು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದು ಅವನೆದುರು ನಿಂತಳು. ಅವಳ ಸೀರೆಯ ಮುಂಭಾಗದಲ್ಲಿ ಬೇಬಿಯ ರಕ್ತ ಹತ್ತಿತ್ತು.

"ಫೋನು ಅವಳ ಹತ್ರ ಯಾಕಿತ್ತು?" ಎಂದು ಅವನು ಕೇಳಿದ. ಬೇರೆ ಏನನ್ನಾದರೂ ಕೇಳಬೇಕೆಂದು ಅವನು ಎಣಿಸಿದ್ದ. ಬಾಯಿಗೆ ಬಂದದ್ದು ಇದು.

"ನಾನೇ ಕೊಡ್ತಿದ್ದದ್ದು."

"ಇವತ್ತಾ?"

"ದಿನಾ. ಬೆಳಿಗ್ಗೆ ಕೆಲಸ ಮುಗಿಸಿ ಹೋಗುವಾಗ ತೆಗೊಂಡು ಹೋಗ್ತಿದ್ಲು, ಸಂಜೆ ಬರುವಾಗ ತಂದುಕೊಡ್ತಿದ್ಲು. ಕರೆ ಬಂದ್ರೆ ಎತ್ತಬೇಡ ಅಂದಿದ್ದೆ. ಮಧ್ಯಾಹ್ನ ಅಕ್ಕನ ಹತ್ರ ಹೂವಿನ ಕೆಲಸ ಅವಳಿಗೆ. ಸೊಪ್ಪು ಕೂಡ ಅವಳೇ ತರುದು. ಆ ಸೀರೆಯನ್ನೂ ನಾನೇ ಅವಳಿಗೆ ಕೊಟ್ಟದ್ದು."

ಅವನು ಲೆಕ್ಕ ಹಾಕಲು ನೋಡಿದ. ಎಷ್ಟೋ ತಿಂಗಳ ಪಟ್ಟಿಗಳು ಒಂದರ ಮೇಲೊಂದು ಕಣ್ಣ ಮುಂದೆ ಬಂದವು. ರೇಷನ್ ಅಂಗಡಿಯ ಮುಂದೆ ನಿಂತದ್ದು, ಕೊಳಾಯಿಯ ಬಳಿ ನಿಂತದ್ದು, ಅಮ್ಮನ್ ಗುಡಿಯ ಸುತ್ತ ನಡೆದದ್ದು. ಒಂದು ಮಳೆಯ ಮಧ್ಯಾಹ್ನ ಯಾವುದೋ ಸೂರಿನಡಿ ಕಾದದ್ದು, ಆ ಕಾಯುವಿಕೆಗಾಗಿ ತಾನು ಹರ್ಷಿಣಿಯ ಬೆರಳುಗಳನ್ನು ಹಿಂದಕ್ಕೆ ಮಡಚಿದ್ದು. ತಾನು ಬಾತ್‌ರೂಮಿನಲ್ಲಿ ಕೂತು ಹಿಗ್ಗಿಸಿ ಹಿಗ್ಗಿಸಿ ನೋಡಿದ, ಅಸೂಯೆಪಟ್ಟ, ಕೆಲವೊಮ್ಮೆ ಆಸೆಯನ್ನೂ ಪಟ್ಟ ಆ ನಡಿಗೆ ಮುಖವನ್ನೇ ನೋಡಿರದ ಒಬ್ಬಳದು.

"ಅವಳು ಹೋದ ಜಾಗಕ್ಕೆಲ್ಲ ನಾನು ನಿನಗೆ..."

"ಹೌದು."

"ಗೊತ್ತಿದ್ದೂ ಕೊಡ್ತಿದ್ದೆಯಾ? ಹುಚ್ಚಾ ನಿನಗೆ? ಫೋನು ಮನೆಯಲ್ಲೇ ಇದ್ದಿದ್ರೆ..."

"ಮನೆಯಲ್ಲಿದ್ದಾಗಲೂ ಹೊಡೀತಿದ್ರಿ. ಸುಮ್ಮನೆ ಬಿದ್ಕೊಂಡಿದ್ದೆ ಅಂತ ಹೊಡೀತಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಪೆಟ್ಟಾದ ಮಗುವಿಗೆ ಹೇಗೆ ಬಿದ್ದೆ ಎಂದು ವಿವರಿಸುವವಳಂತೆ ನಿಧಾನವಾಗಿ ಹೇಳಿದಳು. "ನಾನು ಹೋದ ಜಾಗಕ್ಕೆ ಪೆಟ್ಟು ತಿನ್ನುದಕ್ಕಿಂತ ಹೋಗದ ಜಾಗಕ್ಕೆ ತಿನ್ನುದು ಹಗುರ. ಬೇರೆ ಯಾರಿಗೋ ಬಿದ್ದ ಹಾಗೆ ಆಗ್ತಿತ್ತು. ನಿಜವಾಗಿ ಯಾರಿಗೋ ಬೀಳ್ತದೆ ಅಂತ ಮಾತ್ರ ನಾನು ಯೋಚನೆ ಮಾಡ್ಲಿಲ್ಲ. ಅದು ನನ್ನ ತಪ್ಪು. ಅವಳ ಹತ್ರ ಹೇಳಿ ಬಂದೆ."

ಸಬ್‌ಇನ್ಸ್‌ಪೆಕ್ಟರ್ ಗೋಡೆಗೊರಗಿ ಫೋನು ನೋಡುತ್ತಿದ್ದವಳು ಕನ್ನಡ ತಿಳಿಯದೆ ಒಮ್ಮೆ ತಲೆಯೆತ್ತಿ ಮತ್ತೆ ತಗ್ಗಿಸಿದಳು. ಓಣಿಯಲ್ಲಿ ಯಾರೋ ಫಿನಾಯಿಲ್ ಚೆಲ್ಲಿ ಒರೆಸುತ್ತಿದ್ದರು. ಶ್ರೀಶ ದನಿ ತಗ್ಗಿಸಿದ. ಈಗ ಕೇಳಲೇಬೇಕಾದದ್ದು ಇನ್ನೊಂದಿತ್ತು, ಅದು ಕೊರಳೆಲುಬಿಗಿಂತ ಹೆಚ್ಚು ನೋಯುತ್ತಿತ್ತು.

"ಹಾಗಾದ್ರೆ ಅಷ್ಟು ದಿನ ಮಧ್ಯಾಹ್ನ ನೀನು ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೂ ಇಲ್ಲ."

"ಮತ್ತೆ ಎಂತ ಮಾಡ್ತಿದ್ದೆ?"

ಅವಳು ಉತ್ತರಕ್ಕೆ ಬಾಯಿ ತೆರೆದಳು. ಅವನು ಕಾದ. ನಿದ್ದೆ ಮಾಡುತ್ತಿದ್ದೆ, ಕಿಟಕಿಯಲ್ಲಿ ಕೂರುತ್ತಿದ್ದೆ, ಅಳುತ್ತಿದ್ದೆ, ಏನಾದರೊಂದು ಹೇಳಿದರೆ ಸಾಕಿತ್ತು. ಅದನ್ನು ಹಿಡಿದು ಅವನು ಮತ್ತೆ ಅವಳ ದಿನದೊಳಗೆ ಹೋಗಬಹುದಿತ್ತು. ಅವಳ ಮುಖದಲ್ಲಿ ಏನೋ ನೆನಪಾಗಿ, ಅದರ ಬೆಳಕು ಕಣ್ಣಿನವರೆಗೆ ಬಂದು, ಅಲ್ಲೇ ನಿಂತಿತು.

"ಅದನ್ನು ಹೇಳುದಿಲ್ಲ," ಎಂದಳು.

ಮುಖ ತುರಿಸಿತೋ, ಬಾಯಿಂದ ಇಳಿದ ರಕ್ತ ಒರೆಸಿಕೊಳ್ಳಬೇಕೆನಿಸಿತೋ, ಅಥವಾ ಅದೇ ಹಳೆಯದೋ, ಅವನಿಗೂ ತಿಳಿಯಲಿಲ್ಲ. ಕಟ್ಟದೆ ಬಿಟ್ಟಿದ್ದ ಎಡಗೈ ತೊಡೆಯ ಮೇಲಿಂದ ಮೇಲೆದ್ದಿತು. ಅವಳು ತಟ್ಟನೆ ಕತ್ತು ಕುಗ್ಗಿಸಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಬಾಗಿ, ಎಡಗಿವಿಯನ್ನು ಭುಜದೊಳಗೆ ಹುದುಗಿಸಿಕೊಂಡು ಚಿಕ್ಕದಾದಳು. ಎಷ್ಟು ಬೇಗ, ಎಷ್ಟು ಅಚ್ಚುಕಟ್ಟಾಗಿ! ಮನೆಯಲ್ಲಿ ಅವನು ಇದನ್ನು ಎಷ್ಟೋ ಸಲ ಮೇಲಿನಿಂದ ನೋಡಿದ್ದ. ನಡುಹಗಲಲ್ಲಿ, ಜನರ ನಡುವೆ, ಕೂತು ಕೆಳಗಿನಿಂದ ನೋಡಿದ್ದು ಇದೇ ಮೊದಲು. ಅವನ ಕೈ ಮುಖದವರೆಗೂ ಹೋಗದೆ ಗಾಳಿಯಲ್ಲಿ ಉಳಿಯಿತು. ನೆಲ ಒರೆಸುವವಳು ಒರೆಸುವುದನ್ನು ನಿಲ್ಲಿಸಿದಳು. ಎದುರು ಬೆಂಚಿನ ಮುದುಕ, ಔಷಧಿ ಚೀಟಿ ಹಿಡಿದ ಹೆಂಗಸು, ಎಲ್ಲರೂ ನೋಡಿದರು. ಸಬ್‌ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ಹಾಕಿ, ಹತ್ತಿರ ಬಂದು, ಹರ್ಷಿಣಿಯ ಕತ್ತಿನ ಮೇಲಿನ ಗುಳ್ಳೆಗಳನ್ನು ಬಗ್ಗಿ ನೋಡಿದಳು. ಆಮೇಲೆ ಶ್ರೀಶನ ಕಡೆ ತಿರುಗಿ, "ಕೈಯ ಕೀಳ ಪೋಡು ಡಾ," ಎಂದಳು. ಸಾರ್ ಎನ್ನಲಿಲ್ಲ. ಅವನು ಕೈ ಕೆಳಗಿಳಿಸಿದ.

ಅವ್ವಾ ಬಾ ಎನ್ನುವ ಹಾಗೆ ಸಬ್‌ಇನ್ಸ್‌ಪೆಕ್ಟರ್ ಹರ್ಷಿಣಿಯ ಬೆನ್ನ ಮೇಲೆ ಅಂಗೈ ಇಟ್ಟು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಕುರ್ಚಿ ಎಳೆದ ಸದ್ದಾಯಿತು, ಫ್ಯಾನು ತಿರುಗತೊಡಗಿತು. ಅವಳಿಗೆ ತಮಿಳು ಬರುವುದಿಲ್ಲ, ನಾನು ಹೋಗಿ ಹೇಳಬೇಕಾಗುತ್ತದೆ ಎಂದು ಶ್ರೀಶ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲಿಗೆ ಹೇಳಿದ. ಅಂಗಡಿಯಲ್ಲಿ, ಆಟೋದಲ್ಲಿ, ಡಾಕ್ಟರ ಹತ್ತಿರ, ಇಷ್ಟು ವರ್ಷ ಅವಳ ಪರವಾಗಿ ಮಾತಾಡಿದವನು ಅವನೇ. ಕಾನ್‌ಸ್ಟೇಬಲ್ ಬಾಗಿಲಿಗೂ ಅವನಿಗೂ ನಡುವೆ ಬಂದು ನಿಂತ. ಅಷ್ಟರಲ್ಲಿ ಒಳಗಿನಿಂದ ದನಿ ಕೇಳಿತು. ಮೊದಲು ಮೆಲ್ಲಗೆ, ತಡೆತಡೆದು, ಆಮೇಲೆ ಎಲ್ಲೂ ನಿಲ್ಲದೆ. ತಮಿಳು. ಪುಸ್ತಕದ್ದಲ್ಲ, ಟೀವಿಯದ್ದಲ್ಲ, ಕೊಳಾಯಿ ಬಳಿಯ, ಹೂವಿನ ಅಂಗಡಿಯ, ಬೇಬಿಯ ಬಾಯಿಯ ತಮಿಳು, ಅದರ ಎಳೆತ, ಅದರ ಬೈಗುಳ ಸಮೇತ. ಅದರಲ್ಲಿ ಹರ್ಷಿಣಿ ಹೇಳುತ್ತ ಹೋದಳು. ಶ್ರೀಶ ಕತ್ತು ಚಾಚಿ ಕೇಳಿಸಿಕೊಳ್ಳಲು ನೋಡಿದ. ಫ್ಯಾನಿನ ಸದ್ದಿನಲ್ಲಿ ಒಂದು ಮಾತೂ ಬಿಡಿಯಾಗಿ ಸಿಗಲಿಲ್ಲ. ಅವಳ ದನಿ ಮಾತ್ರ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಬರುತ್ತಲೇ ಇತ್ತು.